ಕಲ್ಯಾಣದ ಬಾಜಾರಿನ ಬಿಟ್ಟಿ ಚೀಟಿ

ಬಾಜಾರು ಆರಿಸುವುದರಲ್ಲಿ ನನ್ನಂಥ ಚತುರ ಇಡೀ ಹುಮನಾಬಾದ ತಾಲೂಕಿನಲ್ಲಿಲ್ಲ ಎಂದು ಆ ಡಿಸೆಂಬರಿನವರೆಗೂ ನಾನು ನಂಬಿದ್ದೆ.

ಸುದ್ದಿ ತಂದವರು ಪಕ್ಕದ ಮನೆಯ, ಚರ್ಚಿಗೆ ಹೋಗುವ ನರ್ಸ್ ಗಯಾಬಾಯಿ. ಕ್ರಿಸ್ಮಸ್ ಹಬ್ಬಕ್ಕೆಂದು ಚರ್ಚಿನ ಹೆಣ್ಣುಮಕ್ಕಳು ಎರಡು ಕಡೆ ಬಾಜಾರು ಹೂಡಿದ್ದರು. ಒಂದು ನಮ್ಮ ಹುಮನಾಬಾದದಲ್ಲೇ, ಇನ್ನೊಂದು ಬಸವಕಲ್ಯಾಣದಲ್ಲಿ. ಎರಡೂ ಒಂದೇ ದಿನ. ನನ್ನ ಹೆಂಡತಿ ಲಲಿತಾಬಾಯಿಗೆ ಕೈಯಲ್ಲಿ ಹೆಣೆದ ಸ್ವೆಟರ್ ಬೇಕಿತ್ತು.

“ಇಲ್ಲೇ ಹೋಗೂಣು ನಡೀರಿ. ನಡಕೋತ ಹೋಗಿ ನಡಕೋತ ಬರಬಹುದು,” ಎಂದಳು.

“ಇಲ್ಲಿ ಬ್ಯಾಡ. ನಾ ಸಾಲಿ ಮಾಸ್ತರ. ಹುಡುಗರ ಅವ್ವಂದಿರ ಮುಂದ ಚೌಕಾಶಿ ಮಾಡಾಕ ಬರ್ತದೇನು? ಕಲ್ಯಾಣದಾಗ ನನ್ನ ಗುರ್ತು ಯಾರಿಗೂ ಇಲ್ಲ. ನೋಡ್ತಿರು, ಅರ್ಧಾ ಬೆಲಿಗೆ ತರ್ತೀನಿ.”

ಇಬ್ಬರೂ ಬಸ್ಸು ಹಿಡಿದು ಕಲ್ಯಾಣಕ್ಕೆ ಹೋದೆವು. ಅಲ್ಲಿ ಸ್ವೆಟರ್ ಹಿಡಿದು ಯುದ್ಧಕ್ಕಿಳಿದೆ. ತೋಳು ಉದ್ದ, ಕೊರಳು ಸೊಟ್ಟ, ಬಣ್ಣ ಮಬ್ಬು ಎಂದೆ. ಅದನ್ನು ಹೆಣೆದ ಅಜ್ಜಿ ಕನ್ನಡಕ ಏರಿಸಿ ನನ್ನನ್ನು ನೋಡಿದರು.

“ಬೆಲಿ ಇಳಿಸೂದಿಲ್ರಿ. ನಿಮ್ಮ ಸಮಾಧಾನಕ್ಕ ಒಂದು ಲಕ್ಕಿ ಚೀಟಿ ಬಿಟ್ಟಿ ಕೊಡ್ತೀನಿ, ಒಯ್ರಿ.”

ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ, ಪೂರ್ತಿ ಬೆಲೆ ಎಣಿಸಿ ಕೊಟ್ಟು, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಹೆಂಡತಿಯತ್ತ ತಿರುಗಿ ಮೀಸೆ ಸವರಿದೆ.

ಸಂಜೆ ಚೀಟಿ ಎತ್ತಿದರು. ಮೊದಲ ಬಹುಮಾನ ನನಗೇ! ಚಪ್ಪಾಳೆಗಳ ನಡುವೆ ವೇದಿಕೆ ಹತ್ತಿ ಕೈ ಚಾಚಿದೆ. ಕೈಗೆ ಬಂದದ್ದು ಕಾಲು ಕಟ್ಟಿದ, ಕೆಂಪು ಜುಟ್ಟಿನ, ಜೀವಂತ ಹುಂಜ.

ನಮ್ಮದು ಶರಣರ ಮನೆ. ಮೊಟ್ಟೆಯ ಹೆಸರೆತ್ತಿದರೂ ನಮ್ಮಜ್ಜಿ ಬಾಯಿ ತೊಳೆಸುತ್ತಿದ್ದಳು. ಕೊರಳಲ್ಲಿ ಲಿಂಗ, ಕಂಕುಳಲ್ಲಿ ಹುಂಜ! ಬೇಡ ಎನ್ನಲು ಬಾಯಿ ತೆರೆದೆ. ಚಪ್ಪಾಳೆ ಇನ್ನೂ ಜೋರಾಯಿತು.

“ಗಯಾಬಾಯಿಗೆ ಕೊಟ್ರಾತು. ಮೊದಲ ಚೀಲದಾಗ ಹಾಕ್ರಿ, ಮಂದಿ ನೋಡಾಕತ್ತಾರ,” ಎಂದಳು ಲಲಿತಾ.

ಊರಿಗೆ ಮರಳುವ ಬಸ್ಸು ಹತ್ತಿದರೆ, ಪಕ್ಕದ ಸೀಟಿನಲ್ಲಿ ನಮ್ಮ ಭಜನಾ ಮಂಡಳಿಯ ಹಿರಿಯರಾದ ಚನ್ನಬಸಪ್ಪನವರು. ಹಣೆ ತುಂಬ ವಿಭೂತಿ. ನಾನು ಚೀಲವನ್ನು ತೊಡೆಯ ಮೇಲಿಟ್ಟು, ಅದರ ಬಾಯನ್ನು ಬಿಗಿಹಿಡಿದು ಕುಳಿತೆ. ರಾಜೇಶ್ವರ ಊರು ದಾಟುತ್ತಲೇ ಬಸ್ಸು ಒಂದು ತಗ್ಗಿನಲ್ಲಿ ಕುಪ್ಪಳಿಸಿತು. ಚೀಲ ‘ಕೊಕ್ಕೊಕ್ಕೋ’ ಎಂದು ಕೂಗಿತು.

“ಮಾಸ್ತರ, ಚೀಲದಾಗ ಏನದರಿ?”

“ಗಡಿಯಾರ್ರಿ,” ಎಂದುಬಿಟ್ಟೆ. “ಅಲಾರಾಂ ಗಡಿಯಾರ.”

“ಹೊಸಾ ನಮೂನಿದು ಕಾಣ್ತದ. ಚಾವಿ ಎಲ್ಲಿ ಕೊಡೂದು?”

ಲಲಿತಾ ಕಿಟಕಿಯಿಂದ ಮುಖ ತಿರುಗಿಸದೆಯೇ ಉತ್ತರ ಕೊಟ್ಟಳು.

“ಚಾವಿ ಬ್ಯಾಡ್ರಿ ಕಾಕಾ. ಜ್ವಾಳದ ಕಾಳು ಹಾಕಿದ್ರ ನಡೀತದ.”

ಹಿಂದಿನ ಸೀಟಿನವರು ಬಿದ್ದುಬಿದ್ದು ನಕ್ಕರು. ಚನ್ನಬಸಪ್ಪನವರು ಮಾತ್ರ ನಗದೆ ಕಣ್ಣು ಮುಚ್ಚಿದರು. ಮಂಡಳಿಯಿಂದ ನನ್ನನ್ನು ಹೊರಹಾಕುವ ಸಭೆ ಆ ಮುಚ್ಚಿದ ಕಣ್ಣುಗಳೊಳಗೇ ನಡೆಯುತ್ತಿದೆ ಎಂದು ನನಗೆ ಖಾತ್ರಿಯಾಯಿತು.

ಹುಮನಾಬಾದ ಸ್ಟ್ಯಾಂಡಿನಲ್ಲಿ ಇಳಿದು ಗುಂಪಿನಲ್ಲಿ ಜಾರಿಕೊಳ್ಳುವಷ್ಟರಲ್ಲಿ ಅವರು ಕೋಲೂರುತ್ತ ಬಂದರು. ಚೀಲದ ಬಾಯನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿ ಇಣುಕಿದರು.

“ಮಾಸ್ತರ, ನಿಮ್ಮ ಗಡಿಯಾರ ಬಾಯಿ ತೆರಕೊಂಡು ಕುಂತದ. ಪಾಪ, ಮೊದಲ ಅದಕ್ಕ ನೀರು ಕುಡಸ್ರಿ.”

ಕುಡಿಸಿದೆ. ಸ್ಟ್ಯಾಂಡಿನ ನಳದ ಕೆಳಗೆ ಕುಕ್ಕುರುಗಾಲಿನಲ್ಲಿ ಕೂತು, ಬೊಗಸೆಯಲ್ಲಿ ನೀರು ಹಿಡಿದು. ಸುತ್ತ ನೆರೆದ ಮಂದಿಗೆ ಚನ್ನಬಸಪ್ಪನವರೇ ನಿಂತು, ಅದು ಯಾವ ಕಂಪನಿಯ ಗಡಿಯಾರವೆಂದು ವಿವರಿಸುತ್ತಿದ್ದರು.