ತಾರಸಿಯ ಮೇಲೊಂದು ದೋಣಿ

ಇದು ಸತ್ಯಕತೆ. ಸತ್ಯನಾರಾಯಣನ ಕತೆ ಎಂದಮೇಲೆ ಅರ್ಧ ಸತ್ಯ ಹೆಸರಲ್ಲೇ ಬಂತು. ಮಿಕ್ಕರ್ಧಕ್ಕೆ ನಾನು ಹೊಣೆ.

ವೆಸ್ಟ್ ಮಾಂಬಲಂನ ಸತ್ಯನಾರಾಯಣ ಹವ್ಯಾಸಿ ರೇಡಿಯೋದವರ ಹ್ಯಾಮ್ ಪರೀಕ್ಷೆ ಪಾಸು ಮಾಡಿ ಒಂದು ಕೈ ರೇಡಿಯೋ ಕೊಂಡಿದ್ದ. ಹೆಂಡತಿ ನವ್ಯಾ ಅದನ್ನು ಸೊಸೆಯ ಅಡುಗೆ ನೋಡುವ ಅತ್ತೆಯಂತೆ ನೋಡುತ್ತಿದ್ದಳು.

"ವಾಪಸ್ ಕೊಡಕ್ಕೆ ಇವತ್ತೇ ಕಡೇ ದಿನ ಕಣ್ರೀ. ಸಂಜೆಯೊಳಗೆ ಇದರಿಂದ ಯಾರಿಗಾದ್ರೂ ಉಪಯೋಗ ಆದ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ಅಂಗಡಿಗೆ."

"ಆಗತ್ತೆ ಕಣೇ! ಇವತ್ತು ನಮ್ಮ ಬಳಗದ ಚಂಡಮಾರುತದ ತಾಲೀಮು. ಯಾರ‍್ಯಾರು ಎಲ್ಲಿದ್ದೀವಿ ಅಂತ ರೇಡಿಯೋನೇ ನಕ್ಷೆಗೆ ತಿಳಿಸತ್ತೆ."

"ಮನೇಲೇ ಇರೋರನ್ನ ನಕ್ಷೇಲಿ ಯಾಕ್ರೀ ಹುಡುಕ್ಬೇಕು?"

ಅವನು ತಾರಸಿ ಹತ್ತಿ ಸೆಟ್ಟಿಂಗ್ ತೆರೆದ. ರೇಡಿಯೋ ರೇಖಾಂಶ ಕೇಳಿತು. ಫೋನಿನ ನಕ್ಷೆ 80.22 ಎಂದಿತು. ಡಿಗ್ರಿಯ ಜಾಗದಲ್ಲಿ ಎಂಬತ್ತು, ಮಿನಿಟಿನ ಜಾಗದಲ್ಲಿ ಇಪ್ಪತ್ತೆರಡು ತುಂಬಿದ. ಕಾಲ್‌ಸೈನು ಎಂಬ ರೇಡಿಯೋ ಹೆಸರಿನ ಬಾಲಕ್ಕೊಂದು ಅಂಕಿ ಬೇಕಿತ್ತು. ಕೈ ರೇಡಿಯೋಗೆ ಏಳು ಹಾಕುವುದು ವಾಡಿಕೆ.

"ಏಳು ಬೇಡ್ರೀ, ಮೊದ್ಲೇ ನಿಮಗೆ ಏಳೂವರೆ ಶನಿ" ಎಂದಳು ಬಟ್ಟೆ ಒಣಹಾಕಲು ಬಂದ ನವ್ಯಾ.

ಎಂಟು ಹಾಕಿದ. ಎಂಟು ಎಂದರೆ ದೋಣಿಗೆ ಹಾಕುವ ಅಂಕಿ ಎಂಬುದು ಹೊಸಬನಿಗೆ ತಿಳಿದಿರಲಿಲ್ಲ.

ಕೋಡಂಬಾಕ್ಕಂನಲ್ಲಿ ಕೂತು ತಾಲೀಮು ನಡೆಸುತ್ತಿದ್ದ ಗೆಳೆಯ ಪ್ರತಾಪ್ ಕಂಪ್ಯೂಟರಿನ ನಕ್ಷೆ ನೋಡಿ ಬಾಯಲ್ಲಿದ್ದ ಕಾಫಿ ಉಗಿದ. ಮರೀನಾದಾಚೆ, ಕಡಲಲ್ಲಿ, ಸತ್ಯನಾರಾಯಣ ಎಂಬ ದೋಣಿ ತೇಲುತ್ತಿತ್ತು! ದಶಾಂಶವನ್ನು ಮಿನಿಟು ಎಂದುಕೊಂಡಿದ್ದಾನೆಂದು ಪ್ರತಾಪನಿಗೆ ಥಟ್ಟನೆ ಹೊಳೆಯಿತು. ತಿದ್ದಬಹುದಿತ್ತು. ಆದರೆ ಅವನ ಗಂಟಲಲ್ಲಿ ಹತ್ತಾರು ಜನ ಬಾಡಿಗೆಗಿದ್ದರು, ಅವರಲ್ಲೊಬ್ಬ ಮೀನುಗಾರ.

"ಯೋವ್! ಎನ್ ವಲೈ ಮೇಲ ಏನ್‌ಯ್ಯಾ ಬೋಟ್ ನಿರುತ್ತಿರುಕ್ಕೆ?"

ನನ್ನ ಬಲೆಯ ಮೇಲೇಕೆ ದೋಣಿ ನಿಲ್ಲಿಸಿದ್ದೀಯೆಂದು ರೇಡಿಯೋ ಗುಡುಗಿದ್ದೇ ಸತ್ಯನಾರಾಯಣ ಬೆವೆತ.

"ಸಾರ್, ನಾನ್ ಮೊಟ್ಟೈ ಮಾಡಿಲೆ ಇರುಕ್ಕೇನ್!" ಎಂದು ರೇಡಿಯೋಗೇ ತಾರಸಿ ತೋರಿಸಿದ.

"ತಳ್ಳಿ ನಿಲ್ಲು!"

ಆಚೆ ಸರಿ ಎಂಬ ಅಪ್ಪಣೆಗೆ ಅವನು ಗಾಬರಿಯಿಂದ ಪಕ್ಕಕ್ಕೆ ಸರಿದ. ಹಗ್ಗದ ಮೇಲಿದ್ದ ಒದ್ದೆ ಸೀರೆ ಹರಿದ ಹಾಯಿಯಂತೆ ತಲೆಯ ಮೇಲೆ ಬಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಕಾಂತಪ್ಪ ಓಡಿಬಂದರು. ಸಸ್ಯಾಹಾರಿ ಹೋಟೆಲಿನ ಮ್ಯಾನೇಜರು. ವಾರವಿಡೀ ಸಾಂಬಾರಿನ ಹಬೆಯಲ್ಲಿ ಬೇಯುವ ಅವರಿಗೆ ಭಾನುವಾರ ಬಂತೆಂದರೆ ಊರಿನ ಕಡಲು ನೆನಪಾಗುತ್ತಿತ್ತು.

"ಮೀನಿನವನಾ ಮಾರಾಯ್ರೆ? ಬಂಗುಡೆ ಉಂಟಾ ಕೇಳಿ!"

"ಶಿವ ಶಿವಾ! ಹ್ಯಾಮ್ ರೇಡಿಯೋದಲ್ಲಿ ವ್ಯಾಪಾರ ಮಾಡೋ ಹಾಗಿಲ್ಲ ಕಾಂತಪ್ಪನವರೇ. ಅದೂ ಮೀನು!"

ಮಾತಾಡಲು ಒತ್ತುವ ಗುಂಡಿಯ ಮೇಲಿನ ಬೆರಳನ್ನು ಮಾತ್ರ ಅವನು ಎತ್ತಿರಲಿಲ್ಲ. ಪ್ರತಾಪನಿಗೆ ಎಲ್ಲವೂ ಕೇಳಿಸಿತು.

"ನಾಲು ಮಣಿಕ್ಕಿ ಗೇಟ್‌ಕಿಟ್ಟ ವರೇನ್!"

ನಾಲ್ಕಕ್ಕೆ ಗೇಟಿಗೇ ಮೀನು! ಕಾಂತಪ್ಪ ಚೀಲ ಹಿಡಿದು ಮೂರೂವರೆಗೇ ಗೇಟಿನಲ್ಲಿ ನಿಂತರು.

ತನ್ನ ಚೇಷ್ಟೆ ತಾನೇ ಹೇಳಿ ನಗಿಸಲು ಬಂದ ಪ್ರತಾಪ್ ಗೇಟಿನಿಂದಲೇ ಅದೇ ಗಂಟಲಲ್ಲಿ "ಯೋವ್!" ಎಂದನಷ್ಟೇ. ಕಾಂತಪ್ಪ ರಟ್ಟೆ ಹಿಡಿದರು.

"ಇವನೇ ಮಾರಾಯ್ರೆ! ಬಂಗುಡೆ ಎಲ್ಲಿ?"

"ಅದು ತಮಾಷೆಗೆ ಸಾರ್! ನಾನು ಈರುಳ್ಳಿನೂ ತಿನ್ನಲ್ಲ!"

"ತಿನ್ನುದು ಬೇಡ, ತಂದರೆ ಸಾಕು."

ಕತ್ತಲಾಗುವ ಮೊದಲು ಪ್ರತಾಪ್ ಮೂಗಿಗೆ ಕರ್ಚೀಫು ಬಿಗಿದು, ಮೀನಿನ ಚೀಲವನ್ನು ಹಾವಿನಂತೆ ದೂರ ಹಿಡಿದು ಬಂದ. ಕಾಂತಪ್ಪನವರ ಮುಖ ಅರಳಿದ್ದು ಕಂಡು ನವ್ಯಾ ಕರಗಿದಳು.

"ಉಪಯೋಗ ಆಯ್ತಲ್ರೀ. ಇರ‍್ಲಿ ಬಿಡಿ ರೇಡಿಯೋ."

"ಪಾಯಿಂಟ್ ಇಪ್ಪತ್ತೆರಡು ಡಿಗ್ರಿ ಅಂದ್ರೆ ಹದಿಮೂರು ಮಿನಿಟು ಕಣೋ. ಮಿನಿಟಿನ ಜಾಗದಲ್ಲಿ ಹದಿಮೂರು ಹಾಕೋ, ಮನೆಗೆ ಬರ್ತೀಯ" ಎಂದ ಪ್ರತಾಪ್. ಸತ್ಯನಾರಾಯಣ ಕುಣಿಯುತ್ತ ತಿದ್ದಲು ಗುಂಡಿಗೆ ಬೆರಳಿಟ್ಟ.

"ಮುಟ್ಟಬೇಡಿ ಮಾರಾಯ್ರೆ!" ಕಾಂತಪ್ಪ ಚೀರಿದರು. "ನೀವು ಸಮುದ್ರದಲ್ಲಿ ಇದ್ದದ್ದಕ್ಕೇ ಅಲ್ವಾ ಮೀನು ಬಂದದ್ದು? ಬರುವ ವಾರಕ್ಕೆ ಅಂಜಲ್ ಮೀನು ಬೇಕು."

"ತಿದ್ದಿದ್ಮೇಲೆ ಉಪಯೋಗ ನಿಂತು ಹೋದ್ರೆ ನೋಡಿ," ಎಂದಳು ನವ್ಯಾ, "ಅಂಗಡಿ ಇನ್ನೂ ತೆಗೆದೇ ಇದೆ."

ಬೆರಳು ಹಿಂದೆ ಬಂತು. ಪ್ರತಾಪ್ ತಾಲೀಮಿನ ವರದಿ ಓದಿದ: "ಎಲ್ಲರೂ ಮನೆಯಲ್ಲಿ ಕ್ಷೇಮ. ಒಬ್ಬರು ಮಾತ್ರ ಕಡಲಲ್ಲಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸತ್ಯನಾರಾಯಣ. ಬರುವ ವಾರ ಅಂಜಲ್ ತರಬೇಕಾದವನು ಪ್ರತಾಪ್ ತಾನೇ?