ಭಟ್ಟರು ಕಣ್ಣಾರೆ ಕಂಡದ್ದು

ಪುರಾವೆ, ರುಜುವಾತು, ದೃಢೀಕರಣ ಎಂಬ ಮಾತುಗಳನ್ನಾಡುವಾಗ ನನ್ನ ಎದೆ ಎರಡಂಗುಲ ಉಬ್ಬುತ್ತಿತ್ತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚೆನ್ನೈನ ವಿಮಾ ಕಚೇರಿಯೊಂದರಲ್ಲಿ ಕೂತು ಜನರಿಂದ ಅವನ್ನೇ ಕೇಳುತ್ತ ತಲೆ ನರೆಸಿಕೊಂಡವನು ನಾನು. ಗಂಡನನ್ನು ಕಳೆದುಕೊಂಡ ಹೆಂಗಸು ಎದುರಿಗೆ ಬಿಕ್ಕುತ್ತ ನಿಂತಿದ್ದರೂ, ‘ಮರಣಕ್ಕೆ ಪುರಾವೆ ತಂದಿದ್ದೀರಾ?’ ಎಂದು ಕೇಳಿದ ಪುಣ್ಯಾತ್ಮ. ನನ್ನ ತಾಯಿಗೆ ಇಷ್ಟೆಲ್ಲ ಶಬ್ದಗಳು ಬೇಕಿರಲಿಲ್ಲ. ಕೋಡುಬಳೆ ಡಬ್ಬಿ ಹಗುರವಾಗಿದ್ದರೆ ‘ದೇವರ ಮುಂದೆ ಪ್ರಮಾಣ ಮಾಡು’ ಎನ್ನುತ್ತಿದ್ದಳು, ಅಲ್ಲಿಗೆ ತನಿಖೆ ಮುಗಿಯುತ್ತಿತ್ತು. ಕಚೇರಿಯಲ್ಲಿ ನನಗೆ ದೇವರ ಬದಲು ಒಂದು ರಬ್ಬರ್ ಸೀಲಿತ್ತು: ‘ಮೂಲಪ್ರತಿಯೊಂದಿಗೆ ತಾಳೆ ನೋಡಿದೆ.’ ಎಷ್ಟು ಮೂಲಪ್ರತಿ ನೋಡಿದ್ದೇನೆಂದು ಮಾತ್ರ ಕೇಳಬೇಡಿ. ಗುರುತಿನ ಮುಖ ಕಂಡರೆ ಸೀಲು ತಾನಾಗಿ ಕೆಳಗಿಳಿಯುತ್ತಿತ್ತು.

ಇಂಥ ನನಗೆ, ನನ್ನ ಹೆಂಡತಿ ನನ್ನ ಹೆಂಡತಿಯೇ ಎಂದು ರುಜುವಾತು ಮಾಡುವ ಸರದಿ ಬಂತು. ಸಿಂಗಪುರದಲ್ಲಿರುವ ಅವಳ ಅಕ್ಕನಿಗೆ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ವೈದೇಹಿ ಅಷ್ಟರೊಳಗೆ ಅಲ್ಲಿಗೆ ತಲುಪಬೇಕು. ಪಾಸ್‌ಪೋರ್ಟಿಗೆ ವಿವಾಹ ಪ್ರಮಾಣಪತ್ರ ಬೇಕೆಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಾನು ನಕ್ಕೆ. ಬೇಕಿತ್ತು. ನಮ್ಮ ಮದುವೆಯಾದದ್ದು ಇಲ್ಲೇ ಚೆನ್ನೈನ ಪುರಸೈವಾಕ್ಕಂನ ಒಂದು ಛತ್ರದಲ್ಲಿ, ಮೂವತ್ತು ವರ್ಷಗಳ ಹಿಂದೆ. ಪುರೋಹಿತರು ತೀರಿಕೊಂಡಿದ್ದರು, ಹಿರಿಯರೂ ಒಬ್ಬೊಬ್ಬರಾಗಿ ಹೋಗಿದ್ದರು. ಇದ್ದ ಫೋಟೋಗಳಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಸ್ಪಷ್ಟವಾಗಿ ಕಾಣುವುದು ನಮ್ಮ ಸೋದರಮಾವನ ಬೆನ್ನು ಮಾತ್ರ. ಅಗ್ನಿಸಾಕ್ಷಿ ಎನ್ನೋಣವೆಂದರೆ ಅಗ್ನಿಯನ್ನು ಕಚೇರಿಗೆ ಕರೆದೊಯ್ಯುವುದು ಹೇಗೆ? ‘ಮೂವತ್ತು ವರ್ಷ ನಿಮ್ಮ ಜೊತೆ ಏಗಿದ್ದು ಸಾಲದೇನೂಂದ್ರೆ? ಇನ್ನೂ ಪ್ರೂಫ್ ಬೇಕಾಮ್!’ ಎಂದಳು ವೈದೇಹಿ, ‘ಬೇಕಂತೆ’ಗೆ ತಮಿಳಿನ ಬಾಲ ಹಚ್ಚಿ. ಆಮೇಲೆ ಅವಳೇ ಸಣ್ಣ ದನಿಯಲ್ಲಿ, ‘ನಮ್ಮ ಮದುವೆಗೆ ಅಡಿಗೆ ಮಾಡಿದ ವೆಂಕಣ್ಣ ಭಟ್ರು ಇದಾರಲ್ಲ’ ಎಂದಳು.

ಭಟ್ಟರು ವಡಪಳನಿಯಲ್ಲಿದ್ದರು. ಉಡುಪಿ ಕಡೆಯವರು, ಮದುವೆಗಳಿಗೂ ಸಿನಿಮಾ ಸ್ಟುಡಿಯೋಗಳಿಗೂ ಅಡಿಗೆ ಮಾಡಿ ದಣಿದು ಈಗ ಮಗಳ ಮನೆಯಲ್ಲಿ ಜಗಲಿ ಹಿಡಿದಿದ್ದರು. ವೈದೇಹಿಯೊಂದಿಗೆ ಅಲ್ಲಿಗೆ ಹೋಗಿ, ನಾನು ಬೆರಳಚ್ಚು ಮಾಡಿಸಿ ತಂದಿದ್ದ ಹೇಳಿಕೆಯನ್ನು ಓದಿ ಹೇಳಿದೆ: ‘ಸದರಿ ವರನು ಸದರಿ ವಧುವಿಗೆ ಮಾಂಗಲ್ಯ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’ ಪೆನ್ನನ್ನೂ ಕೈಗಿತ್ತೆ. ಅವರು ಅದನ್ನು ಹಿಂದಕ್ಕೆ ಕೊಟ್ಟರು.

‘ನಾನು ಕಾಣ್ಲಿಲ್ಲ ಮಾರಾಯ್ರೆ.’

‘ಭಟ್ಟರೇ, ಅಡಿಗೆ ನಿಮ್ಮದೇ ಅಲ್ಲವೆ?’

‘ಹೌದು. ಅದಕ್ಕೇ ಕಾಣ್ಲಿಲ್ಲ. ಗಟ್ಟಿಮೇಳ ಕೇಳಿತು, ನಾನು ಅನ್ನ ಬಸಿದೆ. ಕೇಳಿದ್ದನ್ನು ಕಂಡೆ ಅಂತ ಹೇಳ್ಲಿಕ್ಕೆ ಆಗ್ತದಾ?’

ಬರೀ ಫಾರ್ಮಾಲಿಟಿ ಎಂದೆ. ಎಲ್ಲರೂ ಹೀಗೇ ಬರೆಯುತ್ತಾರೆಂದೆ. ವೈದೇಹಿಯ ಅಕ್ಕನ ಸ್ಥಿತಿಯನ್ನೂ ಹೇಳಿದೆ. ಅವರ ಕಣ್ಣು ತೇವವಾಯಿತು, ಆದರೆ ಪೆನ್ನು ಮುಟ್ಟಲಿಲ್ಲ. ‘ಕಂಡದ್ದು ಉಂಟಲ್ಲ, ಅದನ್ನು ಬರೆಯಿರಿ. ಭೂಮದೂಟಕ್ಕೆ ನಿಮ್ಮಿಬ್ಬರ ಎಲೆಗೂ ಬಡಿಸಿದ್ದು ನಾನೇ. ಮದುಮಗಳ ಕೊರಳಲ್ಲಿ ಹೊಸ ಅರಿಸಿನ ದಾರ ಇತ್ತು. ಮದುಮಗ ತನ್ನ ಹೋಳಿಗೆ ತೆಗೆದು ಅವರ ಎಲೆಗೆ ಹಾಕಿದರು.’ ವೈದೇಹಿ ನಾಚಿದಳು. ಆ ಹೋಳಿಗೆ ನಮ್ಮ ದಾಂಪತ್ಯದ ಮೊದಲ ಪ್ರೇಮಕಾಣಿಕೆಯೆಂದು ಮೂವತ್ತು ವರ್ಷದಿಂದ ನಾನೇ ಹೇಳಿಕೊಂಡು ಬಂದಿದ್ದೆ. ಭಟ್ಟರು ಅಲ್ಲಿಗೆ ನಿಲ್ಲಿಸಲಿಲ್ಲ. ‘ಮದುಮಗ ಇವರೇ ಅಂತ ಗುರುತು ಹೇಗೆ ಅಂದರೆ ಎಂತ ಹೇಳುವುದು? ಅದನ್ನೂ ಬರೆಯಿರಿ. ಮುಹೂರ್ತಕ್ಕೆ ಮುಂಚೆ, ಉಪವಾಸ ಇರಬೇಕಾದವರು, ಹಿತ್ತಿಲ ಬಾಗಿಲಿಂದ ಬಂದು ನಾಲ್ಕು ಹೋಳಿಗೆ ತಿಂದು ಹೋದರು. ಐದನೆಯದು ಹೊಟ್ಟೆಗೆ ಹಿಡೀಲಿಕ್ಕಿಲ್ಲ.’

ವೈದೇಹಿ ನನ್ನ ಕಡೆ ತಿರುಗಿ ನೋಡಿದಳು. ನಾನು ಬರೆದುಕೊಂಡೆ.

ನೋಂದಣಿ ಕಚೇರಿಯಲ್ಲಿ ಅಧಿಕಾರಿಣಿಯೊಬ್ಬರು ಆ ಹೇಳಿಕೆಯನ್ನು ಎರಡು ಸಲ ಓದಿದರು. ಇದು ತಿರಸ್ಕೃತವಾದರೆ ವೈದೇಹಿಗೆ ಅಕ್ಕನ ಮುಖ ಕಾಣುವ ಯೋಗವಿಲ್ಲ. ‘ತಾಳಿ ಕಟ್ಟಿನದೈ ಪಾರ್ಕಲಿಯಾ?’ ಎಂದು ಜೊತೆಗೆ ಬಂದಿದ್ದ ಭಟ್ಟರನ್ನು ಕೇಳಿದರು. ‘ಪಾರ್ಕಲೆ ಅಮ್ಮಾ, ಮೇಳಂ ಕೇಟ್ಟೇನ್’ ಎಂದರು ಭಟ್ಟರು. ನೋಡಲಿಲ್ಲ, ಮೇಳ ಕೇಳಿದೆ ಎಂದು. ಆಕೆ ಕನ್ನಡಕ ತೆಗೆದು ಆ ಮುದುಕರನ್ನು ಕ್ಷಣಕಾಲ ನೋಡಿದರು. ಇಲ್ಲಿಗೆ ಬರುವವರೆಲ್ಲ ಎಲ್ಲವನ್ನೂ ಕಣ್ಣಾರೆ ಕಂಡವರೇ, ಕಾಣದ್ದನ್ನು ಕಾಣಲಿಲ್ಲ ಎಂದವರು ಇವರೊಬ್ಬರೇ ಎಂದು ತಮಿಳಿನಲ್ಲಿ ಹೇಳಿ ಸಹಿ ಹಾಕಿದರು. ನನಗೆ ಭಟ್ಟರ ಕಾಲಿಗೆ ಬೀಳಬೇಕೆನಿಸಿತು, ಬಿದ್ದೆ ಕೂಡ. ಇಷ್ಟು ವರ್ಷ ಸಾಕ್ಷಿ ಸಾಕ್ಷಿ ಎಂದು ಒದರಿದ ನಾನು ಸಾಕ್ಷಿಯೊಬ್ಬನನ್ನು ಕಂಡದ್ದು ಅಂದೇ.

ವೈದೇಹಿ ಹೋಗಿಬಂದಳು, ಅಕ್ಕನೂ ಚೇತರಿಸಿಕೊಂಡರು. ಈಗ ನನಗೆ ಸಕ್ಕರೆ ಕಾಯಿಲೆ. ಹಬ್ಬದ ಮಾರನೆಯ ದಿನ ಹೋಳಿಗೆ ಡಬ್ಬಿ ಹಗುರವಾಗಿದ್ದು, ‘ದೇವರಾಣೆ ನಾನು ಮುಟ್ಟಿಲ್ಲ’ ಎಂದರೆ ಅವಳು ಬೀರುವಿನಿಂದ ಭಟ್ಟರ ಹೇಳಿಕೆಯ ಜೆರಾಕ್ಸ್ ತೆಗೆದು ನನ್ನ ಮುಂದಿಡುತ್ತಾಳೆ. ಅದರ ಕೆಳಗೆ, ಅವಳ ಬಲವಂತಕ್ಕೆ ನಾನೇ ಒತ್ತಿದ ಸೀಲಿದೆ: ಮೂಲಪ್ರತಿಯೊಂದಿಗೆ ತಾಳೆ ನೋಡಿದೆ. ನನ್ನ ಇಡೀ ಸೇವಾವಧಿಯಲ್ಲಿ ಸಾಲು ಸಾಲಾಗಿ ನಿಜಕ್ಕೂ ತಾಳೆ ನೋಡಿ ರುಜು ಹಾಕಿದ ಕಾಗದ ಅದೊಂದೇ.