ಹಲ್ಲಿನ ಡಾಕ್ಟರ ಕರಿ ಕಾರಿಗೆ ನನ್ನ ಕ್ಷಮಾಪಣೆ

ಮಾನ್ಯ ಕರಿ ಕಾರಿನವರ ಸನ್ನಿಧಿಗೆ,

ನೆಲಮಾಳಿಗೆಯ ಏಳನೇ ನಂಬರಿನ ಜಾಗದಲ್ಲಿ, ಎರಡು ಕಂಬಗಳ ನಡುವೆ, ಮೆತ್ತನೆಯ ಹೊದಿಕೆ ಹೊದ್ದು ವಿರಾಜಮಾನರಾಗಿರುವ ತಮಗೆ, ದಿನಾ ಬೆಳಗ್ಗೆ ಆರು ಗಂಟೆಗೆ ಎರಡು ಬಕೆಟ್ಟು ಹಿಡಿದು ತಮ್ಮ ಮುಂದೆ ಹಾಜರಾಗುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಭಾವಿಸಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ತಮ್ಮ ಬಾನೆಟ್ಟಿನ ಎಡಭಾಗದಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಬಣ್ಣ ಬೂದಿಗೆ ತಿರುಗಿದ್ದನ್ನು ಕಣ್ಣಾರೆ ಕಂಡವನು ಹಾಗೆ ಬರೆದರೆ ಸುಳ್ಳಾಗುತ್ತದೆ. ನಾನಂತೂ ಕ್ಷೇಮವಾಗಿಲ್ಲ.

ಪತ್ರಕ್ಕೆ ಕಾರಣವಿಷ್ಟೆ. ನಮ್ಮ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳು, ಅಂದರೆ ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರು, ಕಳೆದ ಬುಧವಾರ ನನ್ನನ್ನು ಕರೆಸಿ, ತಮ್ಮ ಮೈ ಕೆಡಿಸಿದ ತಪ್ಪಿಗಾಗಿ ನಾನು ಶನಿವಾರ ಸಂಜೆಯೊಳಗೆ ಕ್ಷಮಾಪಣೆ ಪತ್ರವೊಂದನ್ನು ಬರೆದು ಲಿಫ್ಟಿನ ಪಕ್ಕದ ಸೂಚನಾ ಫಲಕಕ್ಕೆ ಅಂಟಿಸಬೇಕೆಂದೂ, ತಪ್ಪಿದಲ್ಲಿ ಭಾನುವಾರ ಹತ್ತು ಗಂಟೆಯ ಸಭೆಯಲ್ಲಿ ನನ್ನನ್ನು ಕೆಲಸದಿಂದ ಬಿಡಿಸಲಾಗುವುದೆಂದೂ ಅಪ್ಪಣೆ ಕೊಡಿಸಿದರು. ಪತ್ರ ಯಾರಿಗೆ ಬರೆಯಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ದಿನ ತಲೆ ಕೆರೆದುಕೊಂಡು ಯೋಚಿಸಿದ ಮೇಲೆ, ಪೆಟ್ಟು ತಿಂದವರು ತಾವಾದ್ದರಿಂದ ತಮಗೇ ಬರೆಯುವುದು ಮರ್ಯಾದೆ ಎಂದು ತೀರ್ಮಾನಿಸಿದೆ. ತಮಗೆ ಓದಲು ಬರುವುದಿಲ್ಲವೆಂದು ಬಲ್ಲೆ. ಲಿಫ್ಟಿಗೆ ಕಾಯುವವರು ಓದಿಕೊಳ್ಳಲಿ.

ಬಕೆಟ್ಟಿನವನಿಗೆ ಇಷ್ಟು ದೊಡ್ಡ ಕಾಗದ ಬರೆಯಲು ಹೇಗೆ ಬಂತು ಎಂದು ಅವರು ಹುಬ್ಬೇರಿಸಬಹುದು. ಇಲ್ಲಿಗೆ ಬರುವ ಮುಂಚೆ ಇಪ್ಪತ್ತೆರಡು ವರ್ಷ ನಾನು ಮರದ ಸಾಮಾನಿನ ಕಾರ್ಖಾನೆಯೊಂದರಲ್ಲಿ ಮೇಜು, ಕುರ್ಚಿ, ಬೀರುಗಳಿಗೆ ಪಾಲಿಶ್ ಹಾಕುತ್ತಿದ್ದೆ. ಅಲ್ಲಿನ ಕೆಲಸಗಾರರ ರಜೆ ಅರ್ಜಿ, ಮನವಿ, ದೂರುಗಳನ್ನೆಲ್ಲ ಬರೆದುಕೊಡುತ್ತಿದ್ದವನೂ ನಾನೇ. ಕಾರ್ಖಾನೆ ಮುಚ್ಚಿತು, ಎರಡೂ ಚಟ ಉಳಿದುಕೊಂಡವು.

ಮೊದಲಿಗೆ ತಮ್ಮ ಗುಣಗಾನ ಮಾಡದೆ ಮುಂದೆ ಹೋದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಈ ನೆಲಮಾಳಿಗೆಯಲ್ಲಿ ನಾನು ತೊಳೆಯುವ ಹದಿನೆಂಟು ಕಾರುಗಳಲ್ಲಿ ಹನ್ನೊಂದು ಬಿಳಿ. ಅವು ಬಹಳ ದೊಡ್ಡ ಮನಸ್ಸಿನವು, ಎರಡು ದಿನದ ಧೂಳನ್ನು ಹೊಟ್ಟೆಗೆ ಹಾಕಿಕೊಂಡು ಏನೂ ಆಗದವರ ಹಾಗೆ ನಿಂತಿರುತ್ತವೆ. ತಾವು ಹಾಗಲ್ಲ. ಒಬ್ಬರು ಬೆರಳಿಟ್ಟರೆ ಬೆರಳು, ಬೆಕ್ಕು ನಡೆದರೆ ನಾಲ್ಕು ಹೆಜ್ಜೆ, ನೀರಿನ ಒಂದು ಹನಿ ಒಣಗಿದರೆ ಅದರ ಸುತ್ತಳತೆ, ಹೀಗೆ ಕಂಡದ್ದನ್ನೆಲ್ಲ ಮೈಮೇಲೆ ಬರೆದುಕೊಂಡು ಊರಿಗೆಲ್ಲ ತೋರಿಸುವ ಪ್ರಾಮಾಣಿಕರು ತಾವು. ಆದ್ದರಿಂದಲೇ ತಮ್ಮ ಸೇವೆಯಲ್ಲಿ ನಾನು ಒಂಬತ್ತು ವರ್ಷದಿಂದ ಒಂದು ಹಸುಗೂಸಿಗೆ ಎರೆಯುವಷ್ಟು ಎಚ್ಚರ ವಹಿಸಿದ್ದೇನೆ. ಮೊದಲು ಬರೀ ನೀರು ಬಿಟ್ಟು ಧೂಳನ್ನು ಇಳಿಸುವುದು, ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ತಿಳಿನೀರು, ನೆತ್ತಿಯಿಂದ ಶುರುಮಾಡಿ ಪಾದಕ್ಕೆ ಬರುವುದು. ಚಕ್ರದ ಬಟ್ಟೆ ತಪ್ಪಿಯೂ ಮೈಗೆ ತಾಗದಿರಲೆಂದು ಅದರ ತುದಿಗೆ ಗಂಟು ಹಾಕಿಟ್ಟಿದ್ದೇನೆ. ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚುವ ದಿನ ಬೆರಳ ತುದಿಯಷ್ಟನ್ನು ತೆಳ್ಳಗೆ ಸವರಿ, ಅದು ಮಬ್ಬಾಗುವ ತನಕ ಕಾದು, ಬೇರೆ ಬಟ್ಟೆಯಲ್ಲಿ ಉದ್ದುದ್ದಕ್ಕೆ, ಮುಂದಿನಿಂದ ಹಿಂದಕ್ಕೆ, ನೇರವಾಗಿ ಎಳೆಯುತ್ತೇನೆ. ಮರದ ಗೆರೆ ಹಿಡಿದು ಉಜ್ಜಿ ಉಜ್ಜಿ ನನ್ನ ಕೈಗೆ ಬೇರೆ ದಾರಿಯೇ ಗೊತ್ತಿಲ್ಲ.

ತಮ್ಮ ಯಜಮಾನರ ವಿಷಯ ನಾನು ಹೇಳಬೇಕಾಗಿಲ್ಲ. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಸುಪ್ರಸಿದ್ಧರು, ಸತ್ಪುರುಷರು. ಬೆಳಗ್ಗೆ ತಮ್ಮ ಹೊಳೆಯುವ ಬಾಗಿಲಿನಲ್ಲಿ ಮುಖ ನೋಡಿ, ಮೀಸೆ ನೇವರಿಸಿ, ತುಟಿ ಸರಿಸಿ ಹಲ್ಲು ಪರೀಕ್ಷಿಸಿಕೊಂಡೇ ಅವರು ಹತ್ತುವುದು. ತಮಗೆ ಬಿಸಿಲು ತಾಗಬಾರದೆಂದು ಕ್ಲಿನಿಕ್ಕಿನ ಹೊರಗೆ ಚಪ್ಪರ ಹಾಕಿಸಿದ್ದಾರಂತೆ, ರೋಗಿಗಳು ಅದರ ಪಕ್ಕದಲ್ಲಿ ಬಿಸಿಲಿಗೆ ನಿಲ್ಲುತ್ತಾರಂತೆ. ಒಮ್ಮೆ ಮಾತ್ರ ನನ್ನ ಆರೋಗ್ಯದ ಕಡೆಗೂ ಕೃಪೆ ತೋರಿ, ನನ್ನ ಬಾಯಲ್ಲಿ ಮುಂದಿನ ಹಲ್ಲೊಂದು ಇಲ್ಲದ್ದನ್ನು ಕಂಡು, "ಹಲ್ಲನ್ನ ಹಾಗೆ ಉದ್ದಕ್ಕೆ ಗರಗಸ ಎಳೆದ ಹಾಗೆ ಉಜ್ಜಬಾರದಯ್ಯಾ, ಸಣ್ಣ ಸಣ್ಣ ಸುತ್ತು ಹಾಕಬೇಕು" ಎಂದು ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದ್ದರು. ಆ ಹಲ್ಲು ಬಿದ್ದದ್ದು ಬೀರು ಹೊರುವಾಗ ಎಂದು ಹೇಳಲು ನನಗೆ ಅವರು ಸಮಯ ಕೊಡಲಿಲ್ಲ.

ಇನ್ನು ತಮಗೆ ಪೆಟ್ಟು ಬಿದ್ದ ಕಳೆದ ಭಾನುವಾರಕ್ಕೆ ಬರೋಣ. ಭಾನುವಾರ ನನಗೆ ರಜೆ. ಅಂದು ಸಂಜೆ ಊರಿನ ಹಲ್ಲಿನ ವೈದ್ಯರೆಲ್ಲ ಸೇರಿ ತಮ್ಮ ಯಜಮಾನರಿಗೆ ಸನ್ಮಾನ ಮಾಡುವವರಿದ್ದರು. ಮಧ್ಯಾಹ್ನ ತಮ್ಮನ್ನು ಅಂಗಳಕ್ಕೆ ತಂದು ನಿಲ್ಲಿಸಿದಾಗ, ಯಾವುದೋ ಹಕ್ಕಿ ತನ್ನ ಅಭಿನಂದನೆಯನ್ನು ಎಲ್ಲರಿಗಿಂತ ಮೊದಲೇ ತಮ್ಮ ಬಾನೆಟ್ಟಿನ ಮೇಲೆ ಸಲ್ಲಿಸಿಹೋಯಿತು. ಅದು ಬಿಸಿಲಿಗೆ ಒಣಗಿ ಅಂಟಿಕೊಂಡಿತು. ಒದ್ದೆ ಬಟ್ಟೆಯೊಂದನ್ನು ಅದರ ಮೇಲೆ ಹತ್ತು ನಿಮಿಷ ಹೊದಿಸಿಟ್ಟಿದ್ದರೆ ತಾನಾಗಿ ಬಿಟ್ಟುಕೊಂಡು ಬರುತ್ತಿತ್ತು. ಫೋನು ಮಾಡಿದ್ದರೆ ಹೇಳುತ್ತಿದ್ದೆ, ಕರೆದಿದ್ದರೆ ರಜೆ ಬಿಟ್ಟು ಬರುತ್ತಿದ್ದೆ. ಆದರೆ ಊರವರ ಹಲ್ಲಿನ ಕರೆ ತೆಗೆದವರಿಗೆ ಹಕ್ಕಿಯ ಕರೆ ತೆಗೆಯಲು ಬಕೆಟ್ಟಿನವನನ್ನು ಕೇಳುವುದೇ? ಅವರು ಮೇಲೆ ಹೋಗಿ, ಕ್ಲಿನಿಕ್ಕಿನ ಪೆಟ್ಟಿಗೆ ತಂದು, ಹಲ್ಲಿಗೆ ಪಾಲಿಶ್ ಮಾಡುವ ಗಿರಗಿರ ತಿರುಗುವ ಪುಟ್ಟ ಯಂತ್ರಕ್ಕೆ ಕಾವಲುಗಾರನ ಕೋಣೆಯಿಂದ ಕರೆಂಟು ಎಳೆಸಿ, ಹಲ್ಲಿಗೆ ಹಚ್ಚುವ ಆ ಗುಲಾಬಿ ಬಣ್ಣದ ಮರಳು ಮರಳಾದ ಪೇಸ್ಟನ್ನೇ ತಮ್ಮ ಮೈಗೆ ಹಚ್ಚಿ ಚಿಕಿತ್ಸೆ ನೀಡಿದರು. ಬಾಯಿ ತೆರೆಯಿರಿ ಎಂದು ತಮಗೆ ಹೇಳಿದರೋ ಇಲ್ಲವೋ ನನಗೆ ತಿಳಿಯದು. ಹಕ್ಕಿಯ ಗುರುತು ಹೋಯಿತು, ಅದರ ಜೊತೆಗೆ ತಮ್ಮ ಹೊಳಪೂ ಹೋಯಿತು. ಸನ್ಮಾನಕ್ಕೆ ಅವರು ಆಟೋದಲ್ಲಿ ಹೋದರಂತೆ.

ಸೋಮವಾರ ಬೆಳಗ್ಗೆ ನಾನು ಬಂದು ಹೊದಿಕೆ ಎತ್ತಿದವನು ಹಾಗೇ ನಿಂತುಬಿಟ್ಟೆ. ಒಂಬತ್ತು ವರ್ಷ ಕಾಪಾಡಿದ್ದನ್ನು ಯಾರೋ ಒಂದು ಮಧ್ಯಾಹ್ನದಲ್ಲಿ ಹಾಳುಮಾಡಿದ್ದನ್ನು ನೋಡಿ ನನಗೆ ಅಳು ಬಂತು, ಇದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಅಷ್ಟರಲ್ಲಿ ಡಾಕ್ಟರು ಲಿಫ್ಟಿನಿಂದ ಇಳಿದು, ತಮ್ಮನ್ನು ಆಗಷ್ಟೇ ಮೊದಲ ಸಲ ಕಂಡವರ ಹಾಗೆ ಎರಡೂ ಕೈ ಸೊಂಟಕ್ಕಿಟ್ಟು, "ಏನಯ್ಯಾ ಇದು, ಯಾವ ಮಣ್ಣುಬಟ್ಟೆ ಹಾಕಿ ಉಜ್ಜಿದೆ?" ಎಂದರು. ಅವರ ಹಿಂದೆಯೇ ಹೆಡ್‌ಮಾಸ್ಟರೂ ಇಳಿದರು. ನಾನು ಬಾಯಿ ಬಿಡುವಷ್ಟರಲ್ಲಿ ವಿಚಾರಣೆ ಮುಗಿದು ತೀರ್ಪೂ ಆಗಿತ್ತು.

ನಾನು ಅಪರಾಧ ಒಪ್ಪಿಕೊಳ್ಳಲು ಮನಸ್ಸಿಟ್ಟೇ ತಮ್ಮ ಗಾಯವನ್ನು ಪರಿಶೀಲಿಸಿದೆ. ನನ್ನ ಕೈ ಮಾಡಿದ್ದರೆ ಗೀರುಗಳು ಉದ್ದಕ್ಕೆ ಇರಬೇಕಿತ್ತು. ಅಲ್ಲಿದ್ದದ್ದು ಸುತ್ತುಗಳು, ಒಂದೊಂದೂ ಮಗುವಿನ ಅಂಗಿಯ ಗುಂಡಿಯಷ್ಟು, ಸಾಲಾಗಿ, ಅಚ್ಚುಕಟ್ಟಾಗಿ. ಎಣಿಸಿದರೆ ಇಪ್ಪತ್ತೆಂಟು. ಬುದ್ಧಿಹಲ್ಲುಗಳನ್ನು ಕಿತ್ತುಹಾಕಿದ ಬಾಯಿಯೊಂದರಲ್ಲಿ ಇರುವುದೂ ಅಷ್ಟೇ ಎಂದು ಬಲ್ಲವರು ಹೇಳುತ್ತಾರೆ. ಬಗ್ಗಿ ಮೂಸಿದರೆ ಪುದೀನ ವಾಸನೆ. ಬಾನೆಟ್ಟಿನ ಸಂದಿಯಲ್ಲಿ ಗುಲಾಬಿ ಬಣ್ಣದ ಪೇಸ್ಟು ಗಟ್ಟಿಯಾಗಿ ಕೂತಿತ್ತು, ಈಗಲೂ ಕೂತಿದೆ. ನಮ್ಮ ಮನೆಯಲ್ಲಿ ನಾವು ಹಲ್ಲುಜ್ಜುವುದು ಬಿಳಿ ಪುಡಿಯಲ್ಲಿ.

ಇದನ್ನೆಲ್ಲ ಹೆಡ್‌ಮಾಸ್ಟರಿಗೆ ನಿವೇದಿಸಿದೆ. ಅವರು ಕನ್ನಡಕ ಹಣೆಗೇರಿಸಿ, "ಅಷ್ಟು ದೊಡ್ಡ ಡಾಕ್ಟರು ಸುಳ್ಳು ಹೇಳ್ತಾರೇನಯ್ಯಾ?" ಎಂದು ಕೇಳಿದರು. ಸುಳ್ಳು ಹೇಳಲು ಎಷ್ಟು ಚಿಕ್ಕವರಾಗಿರಬೇಕು ಎಂಬ ನಿಯಮ ಸಂಘದ ಪುಸ್ತಕದಲ್ಲಿ ಇದೆಯೋ ಎಂದು ಕೇಳಬೇಕೆಂದಿದ್ದೆ, ನಾಲಿಗೆ ಕಚ್ಚಿಕೊಂಡೆ. ಕರೆಂಟು ಕೊಟ್ಟ ಕಾವಲುಗಾರನನ್ನು ಕೇಳಿದರೆ, ನಡೆದದ್ದನ್ನೆಲ್ಲ ನನ್ನ ಕಿವಿಯಲ್ಲಿ ಹೇಳಿದವನು, ಇದನ್ನೇ ಸಭೆಯಲ್ಲಿ ಹೇಳು ಮಾರಾಯ ಎಂದು ನಾನು ಅಂದಾಗ, "ನಾನೇನೂ ನೋಡಿಲ್ಲಪ್ಪಾ, ನಂಗೂ ಕೆಲಸ ಬೇಕು" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಮನೆಯಲ್ಲೂ ಒಲೆ ಉರಿಯಬೇಕು. ನನ್ನ ಹೆಂಡತಿಯದ್ದು ಇನ್ನೊಂದು ವಾದ. "ಎರಡು ಸಾಲು ತಾನೇ ರೀ, ಬರೆದು ಬಿಸಾಕಿ ಬನ್ನಿ, ಕಾಗದಕ್ಕೇನು ಬಾಯಿ ಇದೆಯಾ?" ಎನ್ನುತ್ತಾಳೆ. ಇಪ್ಪತ್ತೆರಡು ವರ್ಷ ಊರವರ ಕಾಗದ ಬರೆದವನಿಗೆ ಕಾಗದಕ್ಕೆ ಎಷ್ಟು ದೊಡ್ಡ ಬಾಯಿ ಎಂದು ಗೊತ್ತು. ಇವನ ಕೈ ಒರಟು, ಇವನು ಮುಟ್ಟಿದರೆ ಬಣ್ಣ ಹೋಗುತ್ತದೆ ಎಂದು ನಾನೇ ಸಹಿ ಹಾಕಿ ಅಂಟಿಸಿದ ಮೇಲೆ, ಈ ಬೀದಿಯಲ್ಲಿ ಇನ್ನಾವ ಕಾರಿನ ಹೊದಿಕೆ ಎತ್ತಲು ನನ್ನನ್ನು ಬಿಡುತ್ತಾರೆ? ಹಲ್ಲು ಹೋದಾಗ ನಾನು ನಕ್ಕಿದ್ದೆ. ಕೈಗೆ ಕೆಟ್ಟ ಹೆಸರು ಬಂದರೆ ನನ್ನ ಹತ್ತಿರ ಬೇರೆ ಏನೂ ಇಲ್ಲ.

ಆದಕಾರಣ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳಿವೆ. ನಾಳೆ ಹತ್ತು ಗಂಟೆಗೆ ತಾವು ದಯಮಾಡಿ ಲಿಫ್ಟಿನಲ್ಲಿ ತಾರಸಿಗೆ ಬಿಜಯಂಗೈದು ಸಭೆಯಲ್ಲಿ ಸಾಕ್ಷಿ ನುಡಿಯಬೇಕು. ಹೌದು ಎನ್ನಲು ಒಂದು ಹಾರನ್ನು, ಇಲ್ಲ ಎನ್ನಲು ಎರಡು ಸಾಕು. ಯಜಮಾನರನ್ನು ಕಂಡು ಅಳುಕಾದರೆ ಗಾಜಿನ ಮೇಲಿನ ವೈಪರನ್ನು ಅಲ್ಲಾಡಿಸಿದರೂ ಸಂಘ ದಾಖಲಿಸಿಕೊಳ್ಳಬಹುದು. ಇದಾಗದಿದ್ದರೆ, ಡಾಕ್ಟರು ತಮ್ಮ ಬಾಗಿಲಲ್ಲಿ ಮುಖ ನೋಡಿಕೊಳ್ಳುವಾಗ ಮೀಸೆಯ ಜೊತೆಗೆ ಅವರು ಹೇಳಿದ್ದೂ ಕಾಣಿಸುವಂತೆ ಇನ್ನಷ್ಟು ಹೊಳೆಯಬೇಕು. ಅದೂ ಆಗದಿದ್ದರೆ, ಸೋಮವಾರದಿಂದ ತಮ್ಮ ಸ್ನಾನವನ್ನು ತಾವೇ ಮಾಡಿಕೊಳ್ಳುವುದನ್ನು ಕಲಿಯಬೇಕು. ಎರಡು ಬಕೆಟ್ಟುಗಳನ್ನೂ ಬಿಟ್ಟುಹೋಗುತ್ತೇನೆ, ಗಂಟು ಹಾಕಿದ್ದು ಚಕ್ರದ ಬಟ್ಟೆ ಎಂಬುದನ್ನು ಮರೆಯಬೇಡಿ.

ತಾವು ಇವಾವುದನ್ನೂ ಮಾಡುವುದಿಲ್ಲವೆಂದು ನನಗೆ ಗೊತ್ತಿರುವುದರಿಂದ ನನ್ನ ಕೈಲಾದದ್ದನ್ನು ನಾನೇ ಮಾಡಿದ್ದೇನೆ. ನಿನ್ನೆ ಮತ್ತು ಈ ದಿನ ಬೆಳಗ್ಗೆ ಐದಕ್ಕೇ ಬಂದು, ಕಾರ್ಖಾನೆಯ ಕಾಲದ ನುಣುಪಾದ ಪಾಲಿಶ್ ಹಚ್ಚಿ, ಆ ಬೂದಿ ಬಣ್ಣದ ತಟ್ಟೆಯ ನಡುವೆ ಕಾಗದದ ಪಟ್ಟಿಯೊಂದನ್ನು ಅಂಟಿಸಿಕೊಂಡು, ಬಲಗಡೆಯ ಹದಿನಾಲ್ಕು ಸುತ್ತುಗಳನ್ನು ಉದ್ದುದ್ದಕ್ಕೆ ಉಜ್ಜಿ ಉಜ್ಜಿ ಅಳಿಸಿದೆ. ಮೇಲೆ ವ್ಯಾಕ್ಸ್ ಸವರಿ ಎಳೆದ ಮೇಲೆ ಅಲ್ಲಿ ನೆಲಮಾಳಿಗೆಯ ಟ್ಯೂಬ್‌ಲೈಟು, ಕಂಬ, ನನ್ನ ಮುಖ, ಬಾಯಲ್ಲಿಲ್ಲದ ಹಲ್ಲು, ಎಲ್ಲ ಕಾಣಿಸಿದವು. ಇನ್ನೆರಡು ಬೆಳಗು ಸಾಕಿತ್ತು, ಎಡಗಡೆಯದೂ ಸರಿಹೋಗುತ್ತಿತ್ತು. ಆದರೆ ನಾನು ಪಟ್ಟಿ ಕಿತ್ತು ಕೈ ತೊಳೆದುಕೊಂಡೆ. ಬಲಗಡೆಯದು ನನ್ನ ಕೈಕೆಲಸ, ಎಡಗಡೆಯದು ಡಾಕ್ಟರದ್ದು. ಸಭೆಗೆ ಹೋಗುವ ಮಾನ್ಯ ಸದಸ್ಯರೆಲ್ಲ ತಾರಸಿಗೆ ಹತ್ತುವ ಮೊದಲು ಒಮ್ಮೆ ಕೆಳಗಿಳಿದು, ಹೊದಿಕೆ ಎತ್ತಿ, ಎರಡನ್ನೂ ನೋಡಿ, ಬಗ್ಗಿ ಒಮ್ಮೆ ಮೂಸಿ, ಆಮೇಲೆ ಕೈ ಎತ್ತಲಿ.

ಈಗ ಸಂಘ ಬಯಸಿದ ಕ್ಷಮಾಪಣೆ. ಕರಿ ಕಾರಿನವರೇ, ತಮ್ಮನ್ನು ಪೂರ್ತಿ ಸರಿಪಡಿಸಲು ಗೊತ್ತಿದ್ದೂ ಅರ್ಧಕ್ಕೆ ಬಿಟ್ಟಿದ್ದೇನೆ. ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಇದೊಂದು ತಪ್ಪನ್ನು ನಾನೇ, ನನ್ನ ಕೈಯಾರೆ, ತಿಳಿದೂ ತಿಳಿದೂ ಮಾಡಿದ್ದೇನೆ. ಇದಕ್ಕೆ ತಮ್ಮ ಕ್ಷಮೆ ಕೇಳುತ್ತೇನೆ, ಬೇರೆ ಯಾವುದಕ್ಕೂ ಕೇಳುವುದಿಲ್ಲ.

ಇಂತಿ, ಉದ್ದುದ್ದಕ್ಕೆ ಮಾತ್ರ ಉಜ್ಜಬಲ್ಲ,
ತಮ್ಮ ವಿಶ್ವಾಸಿ,
ಹದಿನೆಂಟು ಕಾರಿನ ಬಕೆಟ್ಟಿನವನು

ವಿ.ಸೂ.: ಉಳಿದ ಹದಿನಾಲ್ಕು ಸುತ್ತುಗಳನ್ನು ಅಳಿಸಲು ಡಾಕ್ಟರು ನನ್ನನ್ನೇ ಕರೆಯಬೇಕಾಗುತ್ತದೆ, ಬೇರೆಯವರ ಕೈಗೆ ಅದು ಬಗ್ಗುವುದಿಲ್ಲ. ಕರೆದರೆ ಖಂಡಿತ ಬರುತ್ತೇನೆ. ಅವರ ಕ್ಲಿನಿಕ್ಕಿನ ನಿಯಮಗಳೇ ನನ್ನವೂ: ಮೊದಲೇ ಹೇಳಿ ಬರಬೇಕು, ಸಾಲಿನಲ್ಲಿ ಕಾಯಬೇಕು, ನೋವು ಶುರುವಾದದ್ದು ಯಾವಾಗ, ಹೇಗೆ, ಯಾರಿಂದ ಎಂಬುದನ್ನು ಒಂದಿಷ್ಟೂ ಮುಚ್ಚಿಡದೆ ಬರೆದುಕೊಡಬೇಕು. ಬರೆದದ್ದನ್ನು ಅಂಟಿಸಲು ಈ ಫಲಕದಲ್ಲಿ, ನನ್ನ ಕಾಗದದ ಪಕ್ಕದಲ್ಲೇ, ಜಾಗ ಬಿಟ್ಟಿದ್ದೇನೆ.